ಮಾಲ್ಡೀವ್ಸ್‌ಗೆ ಇಂಗ್ಲಿಷ್ ಟೀಚರ್ ಆಗಿ ಹೊರಟಿದ್ದೀರಾ? ಫೈಲ್ ಕಟ್ಟುವ ಮೊದಲು ಇಷ್ಟು ತಿಳಿದಿರಲಿ

"ಮಾಲ್ಡೀವ್ಸ್ ಶಾಲೆಗೆ ಇಂಗ್ಲಿಷ್ ಟೀಚರ್ ಬೇಕಾಗಿದ್ದಾರೆ. ಡಿಗ್ರಿ, ಬಿ.ಎಡ್. ಕಡ್ಡಾಯ. ವಸತಿ, ಟಿಕೆಟ್ ಫ್ರೀ. ಕೂಡಲೇ ಸಂಪರ್ಕಿಸಿ." ಇಂಥದ್ದೊಂದು ಮೆಸೇಜ್ ನಮ್ಮ ಊರಿನ, ಕುಟುಂಬದ ವಾಟ್ಸಪ್ ಗ್ರೂಪ್‌ಗಳಿಗೆ ಆಗಾಗ ಬಂದೇ ಬರ್ತದೆ. ಬಂದ ಕೂಡಲೇ ಯಾರಾದರೊಬ್ಬರು ಕೆಳಗೆ "ಮಾಶಾ ಅಲ್ಲಾಹ್, ಒಳ್ಳೆ ಚಾನ್ಸ್" ಎಂದು ಹಾಕ್ತಾರೆ. ಆದರೆ ಆ ಶಾಲೆ ಯಾವ ದ್ವೀಪದಲ್ಲಿದೆ, ಸಂಬಳ ಯಾವ ಹಣದಲ್ಲಿ, ವೀಸಾ ಯಾವುದು ಎಂದು ಕೇಳುವವರು ಕಡಿಮೆ.

ನಮ್ಮ ಅಜ್ಜಂದಿರ ಕಾಲಕ್ಕೆ ಪರ ಊರು ಅಂದರೆ ಬೊಂಬಾಯಿ, ಕೊಲಂಬೊ. ಆಮೇಲೆ ಗಲ್ಫ್ ಬಂತು. ಅಂಗಡಿ, ಸೂಪರ್ ಮಾರ್ಕೆಟ್, ಡ್ರೈವಿಂಗ್, ಸೇಲ್ಸ್ - ಅದರ ದಾರಿ ನಮ್ಮವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಈಗ ಮಂಜೇಶ್ವರ, ಉಪ್ಪಳ, ಕುಂಬಳೆ, ಉಳ್ಳಾಲ ಎಲ್ಲಿ ನೋಡಿದರೂ ಇಂಗ್ಲಿಷ್‌ನಲ್ಲಿ ಎಂ.ಎ., ಬಿ.ಎಡ್. ಮಾಡಿದ ಮಕ್ಕಳಿದ್ದಾರೆ, ಅವರಲ್ಲಿ ಹುಡುಗಿಯರೇ ಜಾಸ್ತಿ. ಊರಿನ ಖಾಸಗಿ ಶಾಲೆಯಲ್ಲಿ ಹತ್ತು ಹನ್ನೆರಡು ಸಾವಿರ ಸಂಬಳಕ್ಕೆ ದುಡಿಯುವವರಿಗೆ ಹೊರದೇಶದ ಟೀಚರ್ ಕೆಲಸ ಅಂದರೆ ಮನಸ್ಸು ಓಡುವುದು ಸಹಜವೇ. ಆದರೆ ಈ ದಾರಿ ಗಲ್ಫ್ ದಾರಿಯ ಹಾಗಲ್ಲ. ಕೈ ಹಿಡಿದು ಕರೆದುಕೊಂಡು ಹೋಗಲು ಇಲ್ಲಿ ಕಾಕ, ಮಾಮ ಇರುವುದಿಲ್ಲ.

ಮಾಲ್ಡೀವ್ಸ್ ಭಾರತದ ಟೀಚರ್‌ಗಳನ್ನು ಕರೆಯುವುದು ಹೊಸತಲ್ಲ. 1960ರ ದಶಕದಲ್ಲಿ ಮಾಲೆಯ ಸರ್ಕಾರಿ ಶಾಲೆಗಳು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿದವು. ಕಲಿಸಲು ಸ್ಥಳೀಯರು ಸಾಲದೆ ಮೊದಲು ಶ್ರೀಲಂಕಾದಿಂದ, ಮತ್ತೆ ಭಾರತದಿಂದ, ಅದರಲ್ಲೂ ಕೇರಳ ಮತ್ತು ತಮಿಳುನಾಡಿನಿಂದ ಟೀಚರ್‌ಗಳು ಹೋದರು. ಈಗ ಅಲ್ಲಿನವರೇ ಸಾಕಷ್ಟು ಮಂದಿ ಟೀಚರ್‌ಗಳಾಗಿದ್ದಾರೆ. ಹೊರಗಿನವರು ಬೇಕಾಗುವುದು ಹೆಚ್ಚಾಗಿ ಹೈಸ್ಕೂಲಿಗೆ, ಅದೂ ದೂರದ ದ್ವೀಪಗಳಿಗೆ. ಅಂದರೆ ಗೂಗಲ್‌ನಲ್ಲಿ ಕಾಣುವ ನೀಲಿ ನೀರಿನ ರೆಸಾರ್ಟ್ ಆಗಲಿ ಮಾಲೆ ನಗರವಾಗಲಿ ನಿಮ್ಮ ಪಾಲಿಗೆ ಬರುವ ಸಂಭವ ಕಡಿಮೆ. ಅರ್ಧ ಗಂಟೆಯಲ್ಲಿ ಸುತ್ತು ಹಾಕಿ ಮುಗಿಯುವ, ಸಾವಿರ ಜನ ಇರುವ ಒಂದು ದ್ವೀಪ ಸಿಗಬಹುದು. ಮನೆಯಲ್ಲಿ ಮಾತು ಶುರುವಾಗಬೇಕಾದದ್ದು ಇಲ್ಲಿಂದ.

ಎರಡು ರಾಜ್ಯಗಳ ಸರ್ಟಿಫಿಕೇಟ್

ಗಡಿನಾಡಿನ ಮಕ್ಕಳಿಗೆ ಮೊದಲ ತೊಡಕು ವಿಮಾನ ಹತ್ತುವ ಮೊದಲೇ ಬರ್ತದೆ. ಒಬ್ಬಳು ಹುಡುಗಿಯ ಫೈಲ್ ಬಿಡಿಸಿ ನೋಡುವ. ಎಸೆಸೆಲ್ಸಿ, ಪ್ಲಸ್ ಟು ಮಂಜೇಶ್ವರದಲ್ಲಿ, ಕೇರಳ ಬೋರ್ಡ್. ಬಿ.ಎ. ಮಂಗಳೂರಿನ ಕಾಲೇಜಿನಲ್ಲಿ, ಮಂಗಳೂರು ವಿವಿ. ಬಿ.ಎಡ್. ಕಾಸರಗೋಡಿನಲ್ಲಿ, ಕಣ್ಣೂರು ವಿವಿ. ನಮಗೆ ಇದರಲ್ಲಿ ವಿಶೇಷವೇನಿಲ್ಲ, ತಲಪಾಡಿ ದಾಟಿ ಬಸ್ಸಿನಲ್ಲಿ ಹೋಗಿ ಬಂದು ಕಲಿತದ್ದು. ಆದರೆ ಹೊರದೇಶಕ್ಕೆ ಸರ್ಟಿಫಿಕೇಟ್ ದೃಢೀಕರಣ, ಅಂದರೆ ಅಟೆಸ್ಟೇಶನ್ ಮಾಡಿಸುವಾಗ ಯಾವ ರಾಜ್ಯ ಕೊಟ್ಟ ಸರ್ಟಿಫಿಕೇಟೋ ಆ ರಾಜ್ಯದಲ್ಲೇ ಮೊದಲ ಸೀಲ್ ಬೀಳಬೇಕು. ಕೇರಳದ ಸರ್ಟಿಫಿಕೇಟುಗಳಿಗೆ ನೋರ್ಕಾ ರೂಟ್ಸ್. ನಮ್ಮ ಕಡೆಯವರಿಗೆ ಕೋಝಿಕ್ಕೋಡ್ ಕೇಂದ್ರ. ಮಂಗಳೂರು ವಿವಿಯ ಡಿಗ್ರಿಗೆ ಕೊಣಾಜೆಯಿಂದ ವೆರಿಫಿಕೇಶನ್, ಮತ್ತೆ ಬೆಂಗಳೂರಿನಲ್ಲಿ ಕರ್ನಾಟಕ ಸರ್ಕಾರದ ದೃಢೀಕರಣ. ಅದಾದ ಮೇಲೆ ವಿದೇಶಾಂಗ ಇಲಾಖೆಯದ್ದು, ಕೇಳಿದರೆ ಆ ದೇಶದ ಕಚೇರಿಯದ್ದು. ಒಂದೇ ಕಡೆ ಓದಿದವರು ಒಂದು ಸಲ ಓಡಿದರೆ ನಾವು ಎರಡು ದಿಕ್ಕಿಗೆ ಓಡಬೇಕು. ಆಫರ್ ಬಂದ ಮೇಲೆ ಶುರು ಮಾಡಿದರೆ ಸಮಯ ಸಾಕಾಗುವುದಿಲ್ಲ. ಬಿ.ಎಡ್. ಸರ್ಟಿಫಿಕೇಟ್ ಕೈಗೆ ಸಿಕ್ಕ ತಿಂಗಳಲ್ಲೇ ಶುರು ಮಾಡಿ.

ಇದಕ್ಕಿಂತ ದೊಡ್ಡ ತಲೆನೋವು ಹೆಸರಿನದ್ದು. ಎಸೆಸೆಲ್ಸಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಾಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಮನೆ ಹೆಸರು. ಫಾತಿಮಾ ಒಂದು ಕಡೆ 'ಟಿಎಚ್' ಹಾಕಿ, ಇನ್ನೊಂದು ಕಡೆ ಬರೀ 'ಟಿ' ಹಾಕಿ. ಮಹಮ್ಮದ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯಬಹುದೋ ಅಷ್ಟೂ ರೀತಿ ನಮ್ಮ ಒಂದೇ ಮನೆಯ ರೇಷನ್ ಕಾರ್ಡಿನಲ್ಲಿ ಉಂಟು. ಊರಿನಲ್ಲಿ ಯಾರೂ ಕೇಳುವುದಿಲ್ಲ. ಹೊರದೇಶದ ಕ್ಲರ್ಕಿಗೆ ಮಾತ್ರ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಕೇರಳದ ವಿಲೇಜ್ ಆಫೀಸಿನಿಂದ 'ಇಬ್ಬರೂ ಒಬ್ಬರೇ' ಎಂಬ ಸರ್ಟಿಫಿಕೇಟ್ ಸಿಗ್ತದೆ, ಆದರೆ ಹೊರದೇಶದಲ್ಲಿ ಅದನ್ನು ಒಪ್ಪಲೇಬೇಕೆಂದಿಲ್ಲ. ಪಾಸ್‌ಪೋರ್ಟಿನ ಹೆಸರು ಎಸೆಸೆಲ್ಸಿಯ ಹಾಗೆ ಅಕ್ಷರಕ್ಕೆ ಅಕ್ಷರ ಸರಿ ಇರುವಂತೆ ಮೊದಲೇ ಮಾಡಿಸಿಕೊಳ್ಳುವುದೇ ಒಳ್ಳೆಯದು. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡ ಹೆಣ್ಮಕ್ಕಳು ಇದನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಕಾಂಟ್ರಾಕ್ಟ್ ಓದುವವರು ನೀವೊಬ್ಬರೇ

ಸೌದಿ, ದುಬೈ, ಒಮಾನ್ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಲ್ಲಿ ಹತ್ತನೇ ತರಗತಿ ಪಾಸಾಗದವರಿಗೆ ಭಾರತ ಸರ್ಕಾರದ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. ಅಲ್ಲಿ ಅವರ ಕಾಂಟ್ರಾಕ್ಟನ್ನು ಒಬ್ಬ ಅಧಿಕಾರಿಯಾದರೂ ನೋಡ್ತಾನೆ. ಮಾಲ್ಡೀವ್ಸ್ ಆ 18ರ ಪಟ್ಟಿಯಲ್ಲಿ ಇಲ್ಲ, ಡಿಗ್ರಿ ಇರುವ ನಿಮಗೆ ಆ ಕ್ಲಿಯರೆನ್ಸ್ ಎಲ್ಲಿಗೂ ಬೇಡ. ಓದಿದವರು ತಮ್ಮನ್ನು ತಾವೇ ನೋಡಿಕೊಳ್ತಾರೆ ಎಂಬುದು ಕಾನೂನಿನ ಲೆಕ್ಕ. ಆದರೆ ಓದಿದವರೇ ಕಾಂಟ್ರಾಕ್ಟ್ ಓದದೆ ಸಹಿ ಹಾಕುವುದನ್ನು ನಾವೆಲ್ಲ ಕಂಡಿದ್ದೇವೆ!

ಏಜೆಂಟ್ ಮೂಲಕ ಹೋಗುವುದಾದರೆ ಆತ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆದವನಾ ಎಂದು ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಶೀದಿ ಕೊಡಬೇಕು. ಲಕ್ಷ ಕೇಳಿ, ರಶೀದಿ ಕೇಳಿದರೆ "ನಂಬಿಕೆ ಇಲ್ಲವಾ?" ಅನ್ನುವವನು ನಿಮ್ಮ ಸಂಬಂಧಿಕನೇ ಆದರೂ ಎದ್ದು ಬನ್ನಿ. ಸರ್ಕಾರಿ ಶಾಲೆಗಳಿಗೆ ಮಾಲ್ಡೀವ್ಸ್‌ನ ಶಿಕ್ಷಣ ಸಚಿವಾಲಯವೇ ನೇರವಾಗಿ ಅರ್ಜಿ ಕರೆಯುವುದುಂಟು, ಮೊದಲು ಅಲ್ಲಿ ನೋಡಿ.

ಇನ್ನೊಂದು ಬಲೆ ವೀಸಾದ್ದು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮಾಲ್ಡೀವ್ಸ್‌ನಲ್ಲಿ ಇಳಿದಾಗಲೇ ಟೂರಿಸ್ಟ್ ವೀಸಾ ಸಿಗ್ತದೆ, 90 ದಿನದವರೆಗೆ. ಇದು ಸುಲಭವಾದ್ದರಿಂದಲೇ "ಈಗ ಹೋಗಿ ಸೇರಿ, ವರ್ಕ್ ಪರ್ಮಿಟ್ ಆಮೇಲೆ ಮಾಡುವ" ಎಂದು ಹೇಳುವವರು ಸಿಗ್ತಾರೆ. ಟೂರಿಸ್ಟ್ ವೀಸಾದಲ್ಲಿ ಪಾಠ ಮಾಡಿದರೆ ಅದು ಕಳ್ಳ ಕೆಲಸ. ಸಂಬಳ ಕೊಡದಿದ್ದರೆ ದೂರು ಕೊಡಲು ನಿಮ್ಮ ಕೈಯಲ್ಲಿ ಕಾಗದ ಇರುವುದಿಲ್ಲ, ಹಿಡಿದರೆ ವಾಪಸ್ ಕಳಿಸುವುದು ನಿಮ್ಮನ್ನೇ. ಕೆಲಸದ ಅನುಮತಿಯ ಪತ್ರ ಊರಿನಲ್ಲಿರುವಾಗಲೇ ಕೈಗೆ ಬರಬೇಕು, ಅದರಲ್ಲಿರುವ ಹೆಸರು, ಪಾಸ್‌ಪೋರ್ಟ್ ನಂಬರ್, ಹುದ್ದೆ ಎಲ್ಲ ಓದಿ ನೋಡಬೇಕು. 'ಟೀಚರ್' ಎಂದು ಹೇಳಿ ಪರ್ಮಿಟ್‌ನಲ್ಲಿ ಬೇರೇನೋ ಬರೆದಿದ್ದರೆ ಹತ್ತಬೇಡಿ. ಅಲ್ಲಿ ಹೋದ ಮೇಲೆ ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ, ವೀಸಾ ಕೆಲಸಕ್ಕೆ ಕೊಟ್ಟರೂ ಕೇಳಿ ವಾಪಸ್ ತೆಗೆದುಕೊಳ್ಳಿ.

ಕಾಂಟ್ರಾಕ್ಟಿನಲ್ಲಿ ದ್ವೀಪದ ಹೆಸರು ಉಂಟಾ? ಮನೆ ಅವರೇ ಕೊಡುವುದಾ, ಬಾಡಿಗೆ ಹಣವಾ? ಬಿಟ್ಟು ಬರಬೇಕಾದರೆ ಎಷ್ಟು ದಿನದ ನೋಟಿಸ್? ವರ್ಷದ ಟಿಕೆಟ್ ಮಾಲೆಯವರೆಗೋ ಮನೆಯವರೆಗೋ? ಇಷ್ಟಕ್ಕೆ ಉತ್ತರ ಬರವಣಿಗೆಯಲ್ಲೇ ಇರಬೇಕು.

ಸಂಬಳ ಸಿಕ್ಕಿತು, ಮನೆಗೆ ಕಳಿಸುವುದು ಹೇಗೆ?

ಗಲ್ಫ್‌ನವರಿಗೆ ಈ ಪ್ರಶ್ನೆಯೇ ಇಲ್ಲ. ಸಂಬಳದ ದಿನ ಎಕ್ಸ್‌ಚೇಂಜ್‌ಗೆ ಹೋಗಿ ಕಳಿಸಿದರೆ ಸಂಜೆಗೆ ಉಮ್ಮನ ಖಾತೆಗೆ ಬಿದ್ದಿರ್ತದೆ. ಮಾಲ್ಡೀವ್ಸ್‌ನಲ್ಲಿ ಸಂಬಳ ಸಾಮಾನ್ಯವಾಗಿ ರೂಫಿಯಾದಲ್ಲಿ. ಆ ದೇಶದಿಂದ ಹೊರಗೆ ರೂಫಿಯಾ ಯಾರಿಗೂ ಬೇಡ. ಅದನ್ನು ಡಾಲರ್ ಮಾಡಿ ಕಳಿಸಬೇಕು. ಅಧಿಕೃತ ದರ ಒಂದು ಡಾಲರಿಗೆ 15.42 ರೂಫಿಯಾ. ಆದರೆ ದೇಶದಲ್ಲಿ ಡಾಲರಿಗೆ ಬರ. ಪ್ರವಾಸೋದ್ಯಮದಿಂದ ಬಂದ ಡಾಲರ್ ಅಕ್ಕಿ, ಎಣ್ಣೆ, ಡೀಸೆಲ್ ತರಿಸುವುದಕ್ಕೇ ಹೋಗ್ತದೆ, ಅಲ್ಲಿ ಮೀನು ತೆಂಗು ಬಿಟ್ಟರೆ ಹೆಚ್ಚಿನದೆಲ್ಲ ಹೊರಗಿನಿಂದ ಬರುವುದು. ಹಾಗಾಗಿ ಬ್ಯಾಂಕು ಆ ದರಕ್ಕೆ ಕೇಳಿದಷ್ಟು ಡಾಲರ್ ಕೊಡುವುದಿಲ್ಲ, ಹೊರಗೆ ಕೊಂಡರೆ ದರ ಮೇಲೆ.

ನಮ್ಮ ಎಸ್‌ಬಿಐ 1974ರಿಂದ ಮಾಲೆಯಲ್ಲಿದೆ. ಭಾರತದ ಟೀಚರ್‌ಗಳು, ನರ್ಸ್‌ಗಳು ಊರಿಗೆ ಹಣ ಕಳಿಸಲು ಅದನ್ನೇ ನಂಬಿದವರು. ಆದರೆ ಅಲ್ಲಿಂದಲೂ ತಿಂಗಳಿಗೆ ಇಷ್ಟೇ ಡಾಲರ್ ಎಂಬ ಮಿತಿ ಉಂಟು, 2025ರಲ್ಲಿ ಅದನ್ನು ಇನ್ನೂ ಇಳಿಸಿದಾಗ ಅಲ್ಲಿನ ಮಲಯಾಳಿಗಳ ಗೋಳು ಕೇರಳದ ಪತ್ರಿಕೆಗಳಲ್ಲಿ ಬಂತು. ಕಾಗದದ ಮೇಲೆ ಸಂಬಳ ಎಷ್ಟೇ ಇದ್ದರೂ ಊರಿನ ಲೋನಿನ ಕಂತಿಗೆ ಪ್ರತಿ ತಿಂಗಳು ತಲುಪುವ ಹಣ ಎಷ್ಟು ಎಂಬುದೇ ನಿಜವಾದ ಸಂಬಳ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಸಂಬಳದಲ್ಲಿ ಎಷ್ಟು ಭಾಗ ಡಾಲರಿನಲ್ಲಿ? ಏನೂ ಇಲ್ಲ ಅಂದರೆ, ಈಗ ಅಲ್ಲಿರುವ ಒಬ್ಬ ಭಾರತೀಯ ಟೀಚರ್ ಹತ್ತಿರ ಕಳೆದ ತಿಂಗಳು ಎಷ್ಟು ಕಳಿಸಲು ಆಯಿತು ಎಂದು ಕೇಳಿ. ಮನೆ ಅಡವಿಟ್ಟು, ಚಿನ್ನ ಇಟ್ಟು ಸಾಲ ಮಾಡಿ ಹೋಗುವವರಿಗೆ ಈ ಒಂದು ಉತ್ತರದ ಮೇಲೆ ಎಲ್ಲ ನಿಂತಿದೆ.

ಹೋಗುವ ಮೊದಲು ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸುವುದು, ಒಂದು ಎನ್‌ಆರ್‌ಇ ಖಾತೆ ತೆರೆಯುವುದು ಮರೆಯಬೇಡಿ.

ದ್ವೀಪಕ್ಕೆ ಕಾಲಿಟ್ಟ ಮೇಲೆ

ವಿಮಾನ ಇಳಿಯುವುದು ಹುಲುಲೆ ಎಂಬ ದ್ವೀಪದಲ್ಲಿ, ಅಲ್ಲಿಂದ ಮಾಲೆಗೆ 2018ರಿಂದ ಸೇತುವೆ ಉಂಟು. ಮೆಡಿಕಲ್, ವೀಸಾ ಕೆಲಸ ಮುಗಿಯುವ ತನಕ ಕೆಲವು ದಿನ ಮಾಲೆಯಲ್ಲಿ. ಪುಟ್ಟ ಜಾಗ, ಒತ್ತೊತ್ತಾದ ಕಟ್ಟಡ, ಕೈ ಸುಡುವ ಬಾಡಿಗೆ. ಆ ದಿನಗಳ ಖರ್ಚು ಯಾರದ್ದು ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ಮತ್ತೆ ನಿಮ್ಮ ದ್ವೀಪಕ್ಕೆ ಸ್ಪೀಡ್ ಬೋಟ್, ಇಲ್ಲವೇ ಸಣ್ಣ ವಿಮಾನ. ದಕ್ಷಿಣದ ಅಡ್ಡು ಮಾಲೆಯಿಂದ 500 ಕಿಲೋಮೀಟರಿಗೂ ಮೇಲೆ, ಭೂಮಧ್ಯರೇಖೆ ದಾಟಿ ಆಚೆ. ನಮಗೆ ಮಳೆಗಾಲ ಇರುವಾಗ ಅಲ್ಲೂ ಕಡಲು ಎದ್ದಿರ್ತದೆ. ಮಳೆಗಾಲದಲ್ಲಿ ಮಲ್ಪೆ, ಬೇಂಗ್ರೆಯಲ್ಲಿ ಕಡಲು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೋಟು ನಿಂತರೆ ತರಕಾರಿಯೂ ನಿಂತಿತು.

ಊಟದ ವಿಷಯದಲ್ಲಿ ನಮ್ಮವರಿಗೆ ಅಷ್ಟು ಕಷ್ಟವಿಲ್ಲ. ಬೆಳಿಗ್ಗೆ ಮಸ್ ಹುನಿ: ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸು, ಲಿಂಬೆ ಹಿಂಡಿ ಕಲಸಿದ್ದು, ಜೊತೆಗೆ ರೋಶಿ ಎಂಬ ರೊಟ್ಟಿ. ಮಧ್ಯಾಹ್ನ ಗರುದಿಯ ಎಂಬ ತಿಳಿ ಮೀನಿನ ಸಾರು ಮತ್ತು ಅನ್ನ. ಮಸಾಲೆ ಅರೆದ ಗಟ್ಟಿ ಮೀನು ಸಾರಿಗೆ ಒಗ್ಗಿದ ನಾಲಿಗೆಗೆ ಮೊದಲ ವಾರ ಇದು ರೋಗಿಯ ಊಟದ ಹಾಗೆ ಕಾಣಬಹುದು. ಕುಚ್ಚಲಕ್ಕಿ ಸಿಗುವ ಭರವಸೆ ಬೇಡ. ಹಲಾಲ್ ಚಿಂತೆ ಇಲ್ಲ, ಪ್ರತಿ ದ್ವೀಪದಲ್ಲಿ ಮಸೀದಿ ಉಂಟು, ಶುಕ್ರವಾರ ಶನಿವಾರ ರಜೆ, ರಮಳಾನಿನಲ್ಲಿ ಕೆಲಸದ ಹೊತ್ತು ಕಡಿಮೆ. ಅಲ್ಲಿನವರು ಹಿಂದಿನಿಂದಲೂ ನಮ್ಮ ಹಾಗೇ ಶಾಫಿಈ ಮದ್ಹಬಿನವರು.

ಇಷ್ಟು ಹೊಂದಿಕೆ ಇರುವುದರಿಂದಲೇ ಒಂದು ತಪ್ಪು ಆಗುವುದುಂಟು. "ನಮ್ಮವರೇ ಅಲ್ವಾ" ಎಂದುಕೊಂಡು ಹೋದವರು, ಅಲ್ಲಿನ ಪದ್ಧತಿ ನಮ್ಮದರಿಂದ ಎಲ್ಲಿ ಬೇರೆಯೋ ಅಲ್ಲಿ ಅವರನ್ನು ತಿದ್ದಲು ಹೊರಡ್ತಾರೆ. ಇದಕ್ಕೆ ಹಳೆಯ ಉದಾಹರಣೆಯೇ ಉಂಟು. 14ನೇ ಶತಮಾನದಲ್ಲಿ ಇಬ್ನ್ ಬತೂತ ನಮ್ಮ ಮಂಗಳೂರಿಗೆ ಬಂದಿದ್ದರು. ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು ಎಂದು ಬರೆದಿದ್ದಾರೆ. ಅದಾದ ಮೇಲೆ 1343ರ ಹೊತ್ತಿಗೆ ಮಾಲ್ಡೀವ್ಸ್ ತಲುಪಿ ಅಲ್ಲಿ ಖಾಝಿ ಆದರು. ದೇಶವನ್ನು ಆಗ ಆಳುತ್ತಿದ್ದದ್ದು ಸುಲ್ತಾನಾ ಖದೀಜಾ, ಒಬ್ಬ ಹೆಣ್ಣು. ಅಲ್ಲಿನ ಹೆಂಗಸರ ಉಡುಪು ಬದಲಿಸಲು ಖಾಝಿ ಸಾಹೇಬರು ಆಜ್ಞೆ ಮಾಡಿ ನೋಡಿದರು, ನಡೆಯಲಿಲ್ಲ ಎಂದು ತಾವೇ ಒಪ್ಪಿಕೊಂಡಿದ್ದಾರೆ. ಕೊನೆಗೆ ವಝೀರರ ಜೊತೆ ಮನಸ್ತಾಪವಾಗಿ ಒಂದೂವರೆ ವರ್ಷದೊಳಗೆ ದ್ವೀಪ ಬಿಟ್ಟರು. ಅಷ್ಟು ದೊಡ್ಡ ವಿದ್ವಾಂಸರ ಕತೆಯೇ ಹೀಗಾದರೆ, ಎರಡು ವರ್ಷದ ಕಾಂಟ್ರಾಕ್ಟಿನಲ್ಲಿ ಹೋದ ಇಂಗ್ಲಿಷ್ ಟೀಚರ್ ಮಾತು ಯಾರು ಕೇಳ್ತಾರೆ?

ಸಾವಿರ ಜನರ ದ್ವೀಪದಲ್ಲಿ ಗುಟ್ಟು ಎಂಬುದಿಲ್ಲ. ನೀವು ಅಂಗಡಿಯಲ್ಲಿ ಏನು ತೆಗೆದುಕೊಂಡಿರಿ ಎಂಬುದು ಮರುದಿನ ಆರನೇ ಕ್ಲಾಸಿನ ಹುಡುಗನಿಗೂ ಗೊತ್ತಿರ್ತದೆ. ಅದೇ ಕಾರಣಕ್ಕೆ ನಿಮಗೆ ಜ್ವರ ಬಂದದ್ದೂ ಗೊತ್ತಾಗ್ತದೆ. ಸಣ್ಣ ಆರೋಗ್ಯ ಕೇಂದ್ರ ಇರ್ತದೆ, ದೊಡ್ಡ ಕಾಯಿಲೆಗೆ ಬೋಟ್ ಹತ್ತಬೇಕು. ನಿತ್ಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ ಚೀಟಿ ಸಮೇತ ಕೆಲವು ತಿಂಗಳಿಗಾಗುವಷ್ಟು ಒಯ್ಯಿರಿ, ಯಾವ ಔಷಧಿ ಒಯ್ಯಲು ಅನುಮತಿ ಬೇಕು ಎಂದು ಮೊದಲೇ ಕೇಳಿ.

2023-24ರಲ್ಲಿ ಎರಡು ದೇಶಗಳ ನಡುವೆ ಮಾತು ಬಿಸಿಯಾಗಿದ್ದಾಗ ಅಲ್ಲಿದ್ದ ಭಾರತೀಯರಿಗೆ ಆತಂಕವಾಗಿತ್ತು. ಈಗ ತಣ್ಣಗಾಗಿದೆ. ಆದರೂ ಅಲ್ಲಿನ ರಾಜಕೀಯದ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆಯುವ ಕೆಲಸ ನಿಮಗೆ ಬೇಡ. ಮಾಲೆಯ ಭಾರತೀಯ ಹೈಕಮಿಷನ್‌ನ ನಂಬರ್ ಫೋನಿನಲ್ಲಿರಲಿ, ಮನೆಯವರ ಹತ್ತಿರವೂ ಇರಲಿ.

ಒಂಟಿ ಹುಡುಗಿಯನ್ನು ಕಳಿಸುವುದಾ ಎಂಬ ಮಾತು ನಮ್ಮ ಮನೆಗಳಲ್ಲಿ ಬಂದೇ ಬರ್ತದೆ. ತೀರ್ಮಾನ ಅವಳದ್ದು, ಅವಳ ಮನೆಯವರದ್ದು, ನೆರೆಕರೆಯವರದ್ದಲ್ಲ. ಆದರೆ "ಹೋಗಲಿ", "ಬೇಡ" ಎಂದು ಕೂಗಾಡುವ ಬದಲು ಕೇಳಬೇಕಾದ್ದನ್ನು ಕೇಳಿ: ಆ ಶಾಲೆಯಲ್ಲಿ ಬೇರೆ ಭಾರತೀಯ ಟೀಚರಮ್ಮಂದಿರು ಇದ್ದಾರಾ, ಮನೆ ಯಾರ ಜೊತೆ, ಗಂಡನನ್ನು ಕರೆದೊಯ್ಯಲು ಡಿಪೆಂಡೆಂಟ್ ವೀಸಾ ಸಿಗ್ತದಾ, ಮೊದಲ ರಜೆ ಯಾವಾಗ. ಹೆಂಗಸರು ಕೆಲಸ ಮಾಡುವುದು ಅಲ್ಲಿ ಮಾಮೂಲು, ಶಾಲೆಗಳಲ್ಲಿ ಅವರೇ ಹೆಚ್ಚು.

ಕ್ಲಾಸಿನೊಳಗೆ

ಅಲ್ಲಿನ ಮಕ್ಕಳ ಮನೆಮಾತು ದಿವೆಹಿ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನವರು ಆಡುವುದೂ ಅದನ್ನೇ. ಸಿಂಹಳಕ್ಕೆ ಹತ್ತಿರದ ಭಾಷೆ, ಮಲಯಾಳ ಗೊತ್ತಿದ್ದರೆ ಅರ್ಥ ಆಗ್ತದೆ ಎಂದುಕೊಳ್ಳಬೇಡಿ. ಲಿಪಿ ಮಾತ್ರ ಮದರಸದಲ್ಲಿ ಕಲಿತವರಿಗೆ ಕುತೂಹಲ ಹುಟ್ಟಿಸ್ತದೆ. ತಾನಾ ಎಂಬ ಆ ಲಿಪಿ ಬಲದಿಂದ ಎಡಕ್ಕೆ ಹೋಗ್ತದೆ, ಸ್ವರಗಳು ಅರಬಿಯ ಹರಕತ್‌ಗಳ ಹಾಗೆ ಅಕ್ಷರದ ಮೇಲೆ ಕೆಳಗೆ ಕೂತಿರ್ತವೆ, ಮೊದಲ ಒಂಬತ್ತು ಅಕ್ಷರಗಳು ಅರಬಿ ಅಂಕಿ 1ರಿಂದ 9ರ ರೂಪದಿಂದ ಬಂದವು. ಅರಬಿ-ಮಲಯಾಳ ಓದಿದವರಿಗೆ ಕಲಿಯುವುದು ಕಷ್ಟವಲ್ಲ. 'ಶುಕುರಿಯ್ಯಾ' ಅಂದರೆ ಥ್ಯಾಂಕ್ಸ್, 'ಕಿಹಿನೆ' ಅಂದರೆ ಹೇಗಿದ್ದೀರಿ, 'ರಂಗಳು' ಅಂದರೆ ಚೆನ್ನಾಗಿದೆ. ಮಕ್ಕಳ ಹೆಸರನ್ನು ಅವರ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ ಟೀಚರಿಗೆ ಆ ಕ್ಲಾಸಿನಲ್ಲಿ ಸಿಗುವ ಮರ್ಯಾದೆಯೇ ಬೇರೆ.

ಹೈಸ್ಕೂಲು ಮಕ್ಕಳು ಬರೆಯುವುದು ಕೇಂಬ್ರಿಡ್ಜ್ ಪರೀಕ್ಷೆ. ಅಲ್ಲಿ ಪಾಠದ ಕೊನೆಯ ಪ್ರಶ್ನೆಗೆ ಉತ್ತರ ಬರೆಸಿ ಬಾಯಿಪಾಠ ಮಾಡಿಸುವ ನಮ್ಮ ಊರಿನ ಪದ್ಧತಿ ನಡೆಯುವುದಿಲ್ಲ. ಮಕ್ಕಳು ಹಿಂದೆ ನೋಡದ ಒಂದು ಬರಹ ಕೊಟ್ಟು ಅದರ ಸಾರಾಂಶ ಬರೆಯಿರಿ, ಪ್ರಿನ್ಸಿಪಾಲರಿಗೆ ವರದಿ ಬರೆಯಿರಿ, ಪತ್ರ ಬರೆಯಿರಿ ಎಂದು ಕೇಳ್ತಾರೆ. ನೋಟ್ಸ್ ಕೊಟ್ಟೇ ಒಳ್ಳೆ ಹೆಸರು ಪಡೆದ ಟೀಚರ್‌ಗಳು ಮೊದಲ ಟರ್ಮಿನಲ್ಲಿ ಎಡವುವುದು ಇಲ್ಲಿ. ಹಳೆಯ ಪ್ರಶ್ನೆಪತ್ರಿಕೆ, ಮಾರ್ಕ್ ಕೊಡುವ ಸೂಚನೆಗಳು ಇಂಟರ್‌ನೆಟ್ಟಿನಲ್ಲಿ ಸಿಗ್ತವೆ, ಊರಿನಲ್ಲಿರುವಾಗಲೇ ಹತ್ತು ಪೇಪರ್ ನೀವೇ ಬರೆದು ನೋಡಿ.

ನಮ್ಮ ಇಂಗ್ಲಿಷಿನದ್ದೂ ಒಂದು ಮಾತು. 'ಡಿಸ್ಕಸ್ ಅಬೌಟ್', 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್', 'ಔಟ್ ಆಫ್ ಸ್ಟೇಷನ್' ಇವೆಲ್ಲ ಊರಿನಲ್ಲಿ ಸಲೀಸಾಗಿ ನಡೆಯುವ ಇಂಗ್ಲಿಷ್. ಕೇಂಬ್ರಿಡ್ಜ್ ಉತ್ತರಪತ್ರಿಕೆಯಲ್ಲಿ ಬಂದರೆ ಮಾರ್ಕ್ ಹೋಗುವುದು ಆ ಮಕ್ಕಳದ್ದು. ಉಚ್ಚಾರಣೆಗೆ ನಾಚಿಕೆ ಪಡುವುದು ಬೇಡ, ಬಿಳಿಯರ ಹಾಗೆ ಮಾತಾಡಲು ಹೋಗುವುದೂ ಬೇಡ. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿದರೆ ಸಾಕು.

ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು, ಆಫೀಸಿನಲ್ಲಿ ಮಲಯಾಳ, ಮದರಸದಲ್ಲಿ ಅರಬಿ. ಇದೆಲ್ಲದರ ನಂತರ ನಮಗೆ ಇಂಗ್ಲಿಷ್ ಬಂತು. ಇಂಗ್ಲಿಷ್ ಮನೆಯಲ್ಲಿ ಇಲ್ಲದ ಮಗುವಿಗೆ ಅದು ಎಲ್ಲಿ ಸಿಕ್ಕಿಹಾಕಿಕೊಳ್ತದೆ ಎಂದು ನಮಗೆ ಗೊತ್ತು, ಯಾಕೆಂದರೆ ನಾವೂ ಅಲ್ಲೇ ಸಿಕ್ಕಿಹಾಕಿಕೊಂಡವರು. ಇಂಟರ್‌ವ್ಯೂನಲ್ಲಿ "ನಿಮ್ಮ ಮಾತೃಭಾಷೆ ಯಾವುದು?" ಎಂದು ಕೇಳಿದಾಗ ತಡವರಿಸದೆ ಇದನ್ನು ಹೇಳಿ.

ಆರು ತಿಂಗಳು ಆದ ಮೇಲೆ ಕೇರಳದವರು ನೋರ್ಕಾದ ಪ್ರವಾಸಿ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು, ಪ್ರವಾಸಿ ಕಲ್ಯಾಣ ಮಂಡಳಿಗೂ ಸೇರಬಹುದು. ಮತ್ತೆ, ಬಿಟ್ಟು ಬರುವ ದಿನ ಬಂದಾಗ ಅನುಭವ ಪತ್ರವನ್ನು ಶಾಲೆಯ ಸೀಲ್, ತಾರೀಕು, ಕಲಿಸಿದ ಕ್ಲಾಸುಗಳ ವಿವರ ಸಮೇತ ಕೈಯಲ್ಲಿ ಹಿಡಿದೇ ಬೋಟ್ ಹತ್ತಿ. "ಇ-ಮೇಲ್ ಮಾಡ್ತೇವೆ" ಎಂದರೆ ಕಾಯಬೇಡಿ. ಮುಂದಿನ ಕೆಲಸ ದುಬೈಯಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಮೊದಲು ಕೇಳುವುದು ಅದನ್ನೇ.